ಕ್ಲೀವ್‌ಡನ್ ಪಿಯರ್, ಪಕ್ಕದ ಸ್ಲಿಪ್‌ವೇ: ಸಣ್ಣ ದೋಣಿಯಲ್ಲಿ ಹೋಗಿ ನೋಡುವುದು ಹೇಗೆ?

ಪಡುಗಾಳಿ (ಪ್ರಶ್ನೆ)

ಬ್ರಿಸ್ಟಲ್ ಸುತ್ತಮುತ್ತ ಇರುವ, ದೋಣಿ ಇಟ್ಟುಕೊಂಡಿರುವ ಕನ್ನಡದವರಲ್ಲಿ ಒಂದು ವಿಚಾರಣೆ.

ನಮ್ಮದು 3.8 ಮೀಟರಿನ ಗಾಳಿ ತುಂಬುವ ದೋಣಿ, ತಳ ಅಲ್ಯುಮಿನಿಯಂ. 15 ಎಚ್‌ಪಿ ಔಟ್‌ಬೋರ್ಡ್ ಇಂಜಿನ್, 12 ಲೀಟರ್ ಟ್ಯಾಂಕ್, ಟ್ರೇಲರ್ ಇದೆ. ಮೂವರು ದೊಡ್ಡವರು. ಮಲ್ಪೆ, ಗಂಗೊಳ್ಳಿ ಕಡೆಯ ಅಳಿವೆಗಳಲ್ಲಿ ದೋಣಿ ನಡೆಸಿ ಅಭ್ಯಾಸ ಉಂಟು, ಆದರೆ ಬ್ರಿಸ್ಟಲ್ ಚಾನೆಲ್ ಹೊಸತು.

ಬ್ರಿಸ್ಟಲ್ ಹತ್ತಿರದ ಕಡಲೂರು ಕ್ಲೀವ್‌ಡನ್‌ನ ಹಳೆಯ ಕಬ್ಬಿಣದ ಪಿಯರನ್ನು (ಕಡಲೊಳಗೆ ಚಾಚಿದ ಕಟ್ಟೆಯನ್ನು) ನೀರಿನ ಕಡೆಯಿಂದ ನೋಡಬೇಕು ಅಂತ ಆಸೆ. ಪಿಯರ್ ಬುಡದ ಪಕ್ಕದಲ್ಲೇ ಇರುವ ಸ್ಲಿಪ್‌ವೇಯಿಂದ (ದೋಣಿ ನೀರಿಗಿಳಿಸುವ ಕಾಂಕ್ರೀಟ್ ಇಳಿಜಾರು) ಇಳಿಸುವ ಯೋಚನೆ. ಯಾವ ಹೊತ್ತಿಗೆ ಇಳಿಸಿ ಯಾವ ಹೊತ್ತಿಗೆ ಎತ್ತಬೇಕು? ಕಂಬಗಳ ನಡುವೆ ದೋಣಿ ತೂರಿಸಬಹುದೇ? ಪಿಯರ್ ತುದಿಯ ದಕ್ಕೆಗೆ ಹಗ್ಗ ಕಟ್ಟಿ ಮೆಟ್ಟಿಲು ಹತ್ತಬಹುದೇ? ಅದೇ ದಿನ ಹಾಗೇ ಮುಂದುವರಿದು ವೆಸ್ಟನ್‌ನ ಬರ್ನ್‌ಬೆಕ್ ಪಿಯರ್, ಅಲ್ಲಿಯ ಲೈಫ್‌ಬೋಟ್ (ಜೀವರಕ್ಷಕ ದೋಣಿ) ಸ್ಲಿಪ್‌ವೇ ನೋಡಿ ಬರಲು ಆಗುತ್ತದೆಯೇ?

ಅಳಿವೆಬಾಯಿ

ಮೊದಲು ಒಂದು ಲೆಕ್ಕ ತಲೆಗೆ ಹೋಗಲಿ ಮಾರಾಯ್ರೇ. ಮಂಗಳೂರಿನಲ್ಲಿ ಹುಣ್ಣಿಮೆ-ಅಮಾವಾಸ್ಯೆಗೂ ನೀರಿನ ಏರಿಳಿತ ಒಂದೂವರೆ ಮೀಟರ್ ಆಸುಪಾಸು. ಕ್ಲೀವ್‌ಡನ್‌ಗೆ ಆಧಾರವಾಗಿ ನೋಡುವ ಏವನ್‌ಮೌತ್ ಬಂದರಿನಲ್ಲಿ ದೊಡ್ಡ ಉಬ್ಬರದ ಸರಾಸರಿಯೇ 12 ಮೀಟರ್ ದಾಟುತ್ತದೆ, ಸಣ್ಣ ಉಬ್ಬರದ್ದು 6 ಮೀಟರ್ ಸುಮಾರು. ಅಟ್ಲಾಂಟಿಕ್‌ನಿಂದ ಬರುವ ನೀರು ಒಳಗೆ ಬಂದಷ್ಟೂ ಕಿರಿದಾಗುವ, ಆಳ ಕಡಿಮೆಯಾಗುವ ಚಾನೆಲ್‌ಗೆ ನುಗ್ಗಿ ಮೇಲಕ್ಕೇ ಏಳಬೇಕಾಗುತ್ತದೆ. ಅಲ್ಲಿಯ ಸಣ್ಣ ಉಬ್ಬರವೇ ನಮ್ಮೂರ ದೊಡ್ಡದರ ನಾಲ್ಕು ಪಟ್ಟು. ಹಾಗಾಗಿ ಗಂಗೊಳ್ಳಿಯಲ್ಲಿ ಅಲೆ ನೋಡಿ ಹೊರಡುವ ಹಾಗೆ ಇಲ್ಲಿ ಹೊರಡಲಾಗದು. ಇಲ್ಲಿ ಮೊದಲು ಗಡಿಯಾರ, ಆಮೇಲೆ ಗಾಳಿ, ಅಲೆ ಕೊನೆಗೆ.

ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿ: ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಐದಕ್ಕೆ ಎರಡು, ಆರಕ್ಕೆ ಒಂದು. 12 ಮೀಟರಿನ ದಿನ ನಡು ಗಂಟೆಗಳಲ್ಲಿ ಗಂಟೆಗೆ 3 ಮೀಟರ್, ಅಂದರೆ ನಿಮಿಷಕ್ಕೆ 5 ಸೆಂಟಿಮೀಟರ್. ಸ್ಲಿಪ್‌ವೇ ಇಳಿಜಾರು ಎಂಟಕ್ಕೆ ಒಂದು ಅಂತ ಇಟ್ಟುಕೊಂಡರೆ ನೀರಿನ ಅಂಚು ಕಾಂಕ್ರೀಟಿನ ಮೇಲೆ ನಿಮಿಷಕ್ಕೆ 40 ಸೆಂಟಿಮೀಟರ್ ಸರಿಯುತ್ತದೆ. ಕಾರು ಪಾರ್ಕ್ ಮಾಡಲು ಹೋದವರು ಹತ್ತು ನಿಮಿಷಕ್ಕೆ ವಾಪಸ್ ಬಂದರೆ ದೋಣಿ ನೀರಿನಿಂದ 4 ಮೀಟರ್ ದೂರ ಒಣಗಿಕೊಂಡು ಕೂತಿರುತ್ತದೆ. ಉಬ್ಬರದಲ್ಲಾದರೆ ಅಷ್ಟೇ ದೂರ ತೇಲಿಕೊಂಡು ಹೊರಟಿರುತ್ತದೆ. ಈ ಹನ್ನೆರಡು ಪಾಲಿನ ಲೆಕ್ಕ ಸೆವರ್ನ್ ನದಿಯ ಈ ಅಳಿವೆಗೆ ಕರಾರುವಾಕ್ಕಾಗಿ ಹೊಂದುವುದಿಲ್ಲ. ಇಲ್ಲಿ ಏರುವುದು ಬೇಗ, ಇಳಿಯುವುದು ಸ್ವಲ್ಪ ನಿಧಾನ. ಅಂದಾಜಿಗೆ ಸಾಕು.

ದಿನ ಆರಿಸಲು ಪಂಚಾಂಗವೇ ಸಾಕು. ಅತಿ ದೊಡ್ಡ ಏರಿಳಿತ ಹುಣ್ಣಿಮೆ-ಅಮಾವಾಸ್ಯೆಯ ದಿನವೇ ಬರುವುದಿಲ್ಲ, ಒಂದೆರಡು ದಿನ ಕಳೆದು ಬಿದಿಗೆ ಹೊತ್ತಿಗೆ. ಅತಿ ಸಣ್ಣದು ಅಷ್ಟಮಿ ಕಳೆದು ನವಮಿ-ದಶಮಿಗೆ. ಇನ್ನೊಂದು ಅನುಕೂಲ ಇದೆ. ಏವನ್‌ಮೌತ್‌ನಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ತುಂಬು ನೀರು ಬೀಳುವುದು ಬೆಳಿಗ್ಗೆ ಮತ್ತು ಸಂಜೆ ಏಳೆಂಟರ ಸುಮಾರಿಗೆ, ನಡು ಮಧ್ಯಾಹ್ನ ಪೂರ್ತಿ ಕೆಸರು. ಸಣ್ಣ ಉಬ್ಬರದ ದಿನಗಳಲ್ಲಿ ತುಂಬು ನೀರು ಮಧ್ಯಾಹ್ನ ಒಂದು-ಎರಡರ ಸುಮಾರಿಗೆ. ನಿಮ್ಮಂಥ ಹಗಲಿನ ಸುತ್ತಾಟಕ್ಕೆ ದಶಮಿಯ ಮಧ್ಯಾಹ್ನವೇ ಸರಿ. ಈ ಹೊತ್ತುಗಳೆಲ್ಲ ಗ್ರೀನಿಚ್ ಸಮಯ. ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಿ. ಮುದ್ರಿತ ಪಟ್ಟಿ ಯಾವ ಸಮಯದಲ್ಲಿದೆ ಅಂತ ಪುಟದ ಮೇಲ್ಭಾಗದಲ್ಲಿ ಬರೆದಿರುತ್ತದೆ. ಜನ ಎಡವುವುದು ಅಲ್ಲೇ. ಕ್ಲೀವ್‌ಡನ್‌ನಲ್ಲಿ ನೀರು ತುಂಬುವುದು ಏವನ್‌ಮೌತ್‌ಗಿಂತ ಹತ್ತು-ಹದಿನೈದು ನಿಮಿಷ ಮೊದಲು.

ಈಗ ಮುಖ್ಯ ವಿಷಯ, ಸೆಳೆತದ ದಿಕ್ಕು. ಉಬ್ಬರದ ನೀರು ಈಶಾನ್ಯಕ್ಕೆ ಓಡುತ್ತದೆ, ಇಳಿತದ್ದು ನೈಋತ್ಯಕ್ಕೆ. ಪಿಯರ್ ಅದಕ್ಕೆ ಅಡ್ಡಲಾಗಿ ನಿಂತಿದೆ. ಸ್ಲಿಪ್‌ವೇ ಇರುವುದು ಪಿಯರ್‌ನ ದಕ್ಷಿಣ ಬದಿಗೆ. ಅಂದರೆ ಉಬ್ಬರ ನಡೆಯುವಾಗ ದೋಣಿ ಇಳಿಸಿದರೆ ನೀರು ನಿಮ್ಮನ್ನು ನೇರ ಕಂಬಗಳ ಮೇಲಕ್ಕೇ ಒಯ್ಯುತ್ತದೆ. ಇಂಜಿನ್ ಹತ್ತಲಿಲ್ಲ ಅಂದರೆ ಸಿಗುವ ಸಮಯ ಎಷ್ಟು? ಪಿಯರ್‌ನಿಂದ 200 ಮೀಟರ್ ದೂರದಲ್ಲಿದ್ದೀರಿ ಎನ್ನಿ. ದೊಡ್ಡ ಉಬ್ಬರದ ನಡುವಿನಲ್ಲಿ ಹೊರಗಡೆ 4 ನಾಟ್‌ಗೂ (ಗಂಟೆಗೆ ಏಳು ಕಿಲೋಮೀಟರಿಗೂ) ಮೇಲೆ ಓಡುತ್ತದೆ, ಒಂದೂವರೆ ನಿಮಿಷ ಸಿಕ್ಕಿದರೆ ಹೆಚ್ಚು. ದಶಮಿಯ ದಿನ, ನೀರು ತುಂಬಲು ಮುಕ್ಕಾಲು ಗಂಟೆ ಇರುವಾಗ ಸೆಳೆತ 1 ನಾಟ್ ಆಸುಪಾಸಿಗೆ ಇಳಿದಿದ್ದರೆ ಆರು ನಿಮಿಷಕ್ಕೂ ಹೆಚ್ಚು. ಆರು ನಿಮಿಷದಲ್ಲಿ ಲಂಗರು ಬಿಡಬಹುದು, ಹುಟ್ಟು ಹಾಕಬಹುದು.

ತುಂಬು ನೀರು 2:15ಕ್ಕೆ ಅಂತಿಟ್ಟುಕೊಳ್ಳಿ. 12:30ಕ್ಕೆ ಅಲ್ಲಿರಿ, ಒಂದೂಕಾಲಿಗೆ ಎಲ್ಲ ಕಟ್ಟಿ ಸಿದ್ಧ, ಒಂದೂವರೆಗೆ ನೀರಿಗೆ. ಇಳಿಸಿದ ಕೂಡಲೇ ಪಿಯರ್ ಕಡೆ ತಿರುಗಬೇಡಿ. ಮೂತಿ ನೈಋತ್ಯಕ್ಕೆ ಓರೆ ಇಟ್ಟು ಹೊರಗೆ ಹೋಗಿ. ಪಿಯರ್ ಉದ್ದ 312 ಮೀಟರ್. ದಡದಿಂದ 500 ಮೀಟರ್ ಹೊರಗಿದ್ದರೆ ಇಂಜಿನ್ ನಿಂತರೂ ಪಿಯರ್ ತುದಿಯ ಆಚೆಯಿಂದ ತೇಲಿ ಹೋಗುತ್ತೀರಿ. ಎರಡರಿಂದ ಎರಡೂವರೆ ಒಳಗೆ ನೀರು ಹೆಚ್ಚುಕಡಿಮೆ ನಿಂತಿರುತ್ತದೆ. ಹತ್ತಿರದಿಂದ ನೋಡುವುದು ಏನಿದ್ದರೂ ಆ ಅರ್ಧ ಗಂಟೆಯಲ್ಲಿ. ಅದಾದ ಮೇಲೆ ಇಳಿತ ಶುರು, ಈಗ ಅಪಾಯದ ಬದಿ ಉತ್ತರದ್ದು. ಎರಡೂ ಮುಕ್ಕಾಲಿನ ಹೊತ್ತಿಗೆ ದಕ್ಷಿಣ ಬದಿಗೆ ಬಂದಿರಿ, ಮೂರೂಕಾಲಿಗೆ ದೋಣಿ ಟ್ರೇಲರ್ ಮೇಲಿರಲಿ. ನೀರು ತುಂಬುವ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೂ ಇಳಿಸಲು ಎತ್ತಲು ಆದೀತು, ಆದರೆ ಅಲ್ಲಿ ಹೊಸಬರು ಅದನ್ನು ತುದಿಯವರೆಗೆ ಎಳೆಯಬಾರದು.

ಗಾಳಿ: ಪಶ್ಚಿಮ, ನೈಋತ್ಯ, ವಾಯವ್ಯ ದಿಕ್ಕಿನಿಂದ 10 ನಾಟ್ ಮೀರಿದ್ದರೆ ಬಿಟ್ಟುಬಿಡಿ. ನೈಋತ್ಯದ ಗಾಳಿಗೆ ಎದುರಾಗಿ ಇಳಿತ ಓಡಿದಾಗ ಅಲೆ ಎತ್ತರಕ್ಕಿಂತ ಕಡಿದು ಜಾಸ್ತಿ. ಒಂದರ ಬೆನ್ನಿಗೊಂದು ಬಂದು ಮೂತಿಯ ಮೇಲೆ ಬೀಳುತ್ತವೆ. 3.8 ಮೀಟರ್ ದೋಣಿಗೆ ಅದು ಬೇಡ.

ಗ್ರೀಸ್‌ಕೈ

ಮೇಲಿನವರು ನೀರಿನ ಬಗ್ಗೆ ಹೇಳಿದರು, ನಾನು ಕಾಂಕ್ರೀಟ್ ಬಗ್ಗೆ ಹೇಳ್ತೀನಿ. ಇಲ್ಲಿ ಕೆಲಸ ಕೆಡೋದು ಹೆಚ್ಚಾಗಿ ಸ್ಲಿಪ್‌ವೇ ಮೇಲೆ.

ತುಂಬು ನೀರಿನ ಗುರುತಿನ ಕೆಳಗೆ ಹಸಿರು ಪಾಚಿ, ಅದರ ಮೇಲೆ ಸೆವರ್ನ್‌ನ ನುಣುಪು ಕೆಸರಿನ ಪೊರೆ. ಎರಡೂ ಸೇರಿದರೆ ಟೈರ್ ಹಿಡಿಯಲ್ಲ. ಕಾರಿನ ಡ್ರೈವ್ ಚಕ್ರ ಯಾವಾಗಲೂ ಒಣ ಭಾಗದಲ್ಲೇ ಇರಲಿ. ಅದಕ್ಕೆ ಟ್ರೇಲರ್ ಬಿಚ್ಚಿ 10–12 ಮೀಟರಿನ ದಪ್ಪ ಹಗ್ಗದಲ್ಲಿ ಕಾರಿನ ಟೋ ಹುಕ್‌ಗೆ ಕಟ್ಟಿ, ಮುಂದಿನ ಸಣ್ಣ ಚಕ್ರದ ಮೇಲೆ ನಿಧಾನ ಇಳಿಸೋದು ಒಳ್ಳೇದು. ಹಗ್ಗ ಬಿಗಿಯಾಗಿರುವಾಗ ಅದರ ನೇರಕ್ಕೆ ಯಾರೂ ನಿಲ್ಲಬಾರದು, ಟ್ರೇಲರ್‌ನ ಕೆಳಗಡೆಯಂತೂ ಬೇಡವೇ ಬೇಡ. ಕಾರಿಗೆ ಹ್ಯಾಂಡ್‌ಬ್ರೇಕ್, ಮೊದಲ ಗೇರ್, ಹಿಂದಿನ ಚಕ್ರಕ್ಕೆ ಮರದ ತುಂಡು, ಮೂರೂ ಹಾಕಿ. ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ.

ಬ್ರಿಸ್ಟಲ್‌ನಿಂದ ಎಳೆದು ತಂದ ಟ್ರೇಲರ್‌ನ ಚಕ್ರದ ಹಬ್ ಕಾದಿರುತ್ತೆ. ಕಾದ ಹಬ್ಬನ್ನು ತಣ್ಣೀರಿಗೆ ಅದ್ದಿದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಮೂಲಕ ಉಪ್ಪುನೀರು ಹೀರಿಕೊಳ್ಳುತ್ತೆ. ಒಂದೆರಡು ತಿಂಗಳಲ್ಲಿ ಬೇರಿಂಗ್ ಮುಗೀತು. ಕೈ ಇಟ್ಟು ನೋಡಿ, ಬಿಸಿ ಹೋಗುವವರೆಗೆ ಕಾಯಿರಿ. ಆ ಇಪ್ಪತ್ತು ನಿಮಿಷದಲ್ಲಿ ಬೇರೆ ಕೆಲಸ ಮುಗಿಸಿ: ಲೈಟ್ ಬೋರ್ಡ್ ಬಿಚ್ಚಿಡಿ, ಹಿಂಭಾಗದ ಬಿರಡೆ ಹಾಕಿ, ಟ್ಯೂಬ್‌ಗಳ ಗಾಳಿ ನೋಡಿ. ತಣ್ಣೀರಿಗೆ ಬಿದ್ದ ಮೇಲೆ ಟ್ಯೂಬ್ ಮೆತ್ತಗಾಗುತ್ತೆ, ಪಂಪ್ ದೋಣಿಯಲ್ಲೇ ಇರಲಿ. ಪೆಟ್ರೋಲ್ ಪೈಪ್ ಸಿಕ್ಕಿಸಿ, ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆಯಿರಿ. ದಡ ಬಿಟ್ಟು ನಾಲ್ಕೈದು ನಿಮಿಷಕ್ಕೆ ಇಂಜಿನ್ ನಿಲ್ಲುವ ಕೇಸುಗಳಲ್ಲಿ ಈ ತಿರುಪು ಮರೆತದ್ದೇ ಬಹಳ. ಕ್ಲೀವ್‌ಡನ್‌ನಲ್ಲಿ ನಾಲ್ಕೈದು ನಿಮಿಷ ಅಂದರೆ ನೀವು ಸರಿಯಾಗಿ ಪಿಯರ್ ಎದುರಿಗೆ ಇರ್ತೀರಿ.

ದೋಣಿಯನ್ನು ಟ್ರೇಲರ್‌ಗೆ ಕಟ್ಟಿದ ಪಟ್ಟಿ ನೀರಿನ ಅಂಚಿಗೆ ಬರುವ ತನಕ ಬಿಚ್ಚಬೇಡಿ. ಪಾಚಿಯ ಮೇಲೆ ಟ್ರೇಲರ್ ಒಮ್ಮೆ ಕುಲುಕಿದರೆ ದೋಣಿ ಜಾರಿ ಕಾಂಕ್ರೀಟಿಗೆ ಇಂಜಿನ್ ಕಾಲು ಬಡಿಯುತ್ತೆ. ಮೂತಿಯ ಹಗ್ಗ ಒಬ್ಬರ ಕೈಯಲ್ಲೇ ಇರಲಿ, ಅವರಿಗೆ ಬೇರೆ ಕೆಲಸ ಕೊಡಬೇಡಿ.

ಎತ್ತುವಾಗ ಇನ್ನೊಂದು ತೊಂದರೆ. ನೀರು ಕೆಳಗೆ ಹೋದಂತೆ ಸ್ಲಿಪ್‌ವೇಯ ಕೆಳತುದಿ ಕೆಸರಲ್ಲಿ ಮುಚ್ಚಿರುತ್ತೆ, ಕಾಂಕ್ರೀಟ್ ಎಲ್ಲಿ ಮುಗಿಯುತ್ತೆ ಅಂತ ಕಾಣಲ್ಲ. ಟ್ರೇಲರ್ ಚಕ್ರ ಆ ಅಂಚಿನಿಂದ ಕೆಳಗೆ ಬಿತ್ತು ಅಂದರೆ ಮೂವರ ಕೈಯಲ್ಲಿ ಎತ್ತಕ್ಕಾಗಲ್ಲ, ಅಲ್ಲೇ ಕಚ್ಚಿಕೊಳ್ಳುತ್ತೆ. ಮೊದಲೇ ಒಂದು ದಿನ ನೀರು ಇಳಿದಾಗ ಹೋಗಿ ತುದಿ ಎಲ್ಲಿದೆ ಅಂತ ಕಣ್ಣಾರೆ ನೋಡಿ ಬನ್ನಿ, ಪಕ್ಕದ ಗೋಡೆಯಲ್ಲಿ ಯಾವುದಾದರೂ ಗುರುತು ಇಟ್ಟುಕೊಳ್ಳಿ. ಶುಲ್ಕ, ನೋಂದಣಿ, ವಿಮೆ ಬಗ್ಗೆ ಅಲ್ಲಿ ಫಲಕದಲ್ಲಿ ಏನಿದೆ ಅಂತಲೂ ಆಗಲೇ ಓದಿಕೊಳ್ಳಿ. ದಾರಿಗೆ ಅಡ್ಡ ಟ್ರೇಲರ್ ನಿಲ್ಲಿಸಬೇಡಿ, ಬೇರೆಯವರಿಗೂ ಅದೇ ನಾಲ್ಕು ಗಂಟೆ ಇರೋದು.

ಮನೆಗೆ ಹೋದ ಮೇಲೆ ಇಂಜಿನ್‌ಗೆ ಹತ್ತು ನಿಮಿಷ ಸಿಹಿನೀರು ಓಡಿಸಿ. ಸೆವರ್ನ್‌ನ ನೀರು ಕಂದು ಬಣ್ಣಕ್ಕಿರೋದು ಸುಮ್ಮನೆ ಅಲ್ಲ, ಪೂರ್ತಿ ಹೂಳು. ನೀರೆತ್ತುವ ರಬ್ಬರ್ ಇಂಪೆಲ್ಲರ್ ಬೇಗ ಸವೆಯುತ್ತೆ. ಪಕ್ಕದಿಂದ ಚಿಮ್ಮುವ ನೀರಿನ ಧಾರೆ ಸಣ್ಣಗಾಗಿದ್ದರೆ ಮೊದಲು ತೂತಿಗೆ ತಂತಿ ಹಾಕಿ ಕೆಸರು ತೆಗೆಯಿರಿ, ಆಗಲೂ ಸರಿಹೋಗದಿದ್ದರೆ ಇಂಪೆಲ್ಲರ್ ಬದಲಿಸಿ.

ಹಳೆಕಬ್ಬಿಣ

ನೀರಿನಿಂದ ನೋಡಾಕ ಹೊಂಟೀರಿ ಅಂದಮ್ಯಾಲೆ ಏನು ನೋಡಬೇಕು ಅಂತನೂ ಗೊತ್ತಿರಲಿ. ಇಲ್ಲಾಂದ್ರ ಕಂಬ ನೋಡಿ ವಾಪಸ್ ಬಂದಂಗ ಆಗ್ತದ.

ಈ ಪಿಯರ್ 1869ರ ಮಾರ್ಚ್‌ನಲ್ಲಿ ತೆರೆಯಿತು. ಎಂಜಿನಿಯರುಗಳು ಜಾನ್ ವಿಲಿಯಂ ಗ್ರೋವರ್ ಮತ್ತು ರಿಚರ್ಡ್ ವಾರ್ಡ್. ಒಂದೊಂದೂ 100 ಅಡಿಯ ಎಂಟು ಕಮಾನು. ದೂರದಿಂದ ನೋಡಿದರೆ ಇಷ್ಟು ತೆಳ್ಳನೆಯ ಕಾಲು ಇಷ್ಟು ಎತ್ತರಕ್ಕೆ ಹೇಗೆ ನಿಂತಿವೆ ಅನಿಸುತ್ತದೆ. ಗುಟ್ಟು ಹತ್ತಿರ ಹೋದರೆ ಕಾಣುತ್ತದೆ: ಅವು ರೈಲು ಹಳಿಗಳು. ಬಾರ್ಲೋ ಹಳಿ ಅಂತ ಒಂದು ನಮೂನೆ ಇತ್ತು. ಅಡ್ಡ ಕತ್ತರಿಸಿದರೆ ತಲೆಕೆಳಗಾದ ‘ವಿ’, ಎರಡೂ ಬದಿಗೆ ಅಗಲ ರೆಕ್ಕೆ. ಅಡಿಯಲ್ಲಿ ಸ್ಲೀಪರ್ ಇಲ್ಲದೆ ನೇರ ಜಲ್ಲಿಯ ಮೇಲೆ ಕೂರಲಿ ಅಂತ ಮಾಡಿದ್ದು. ಸೌತ್ ವೇಲ್ಸ್ ರೈಲ್ವೆ ಹಾಸಿತು, ಆದರೆ ಹಳಿಗಳ ನಡುವಿನ ಅಂತರ ನಿಲ್ಲದೆ ಅಗಲವಾಗತೊಡಗಿ ಕಿತ್ತುಹಾಕಬೇಕಾಯಿತು. ಹಾಗೆ ಅಗ್ಗಕ್ಕೆ ಸಿಕ್ಕ ಹಳಿಯನ್ನು ಎರಡೆರಡು ಬೆನ್ನಿಗೆ ಬೆನ್ನು ಸೇರಿಸಿ ರಿವೆಟ್ ಹೊಡೆದು ಪಿಯರ್‌ನ ಕಾಲು ಮಾಡಿದರು. ಹಳಿಯಾಗಿ ಸೋತ ಕಬ್ಬಿಣ ಕಂಬವಾಗಿ ಗೆದ್ದಿತು ನೋಡ್ರಿ. ದುರ್ಬೀನು ತಗೊಂಡು ಹೋಗಿ. ಕಾಲಿನ ಎರಡೂ ಅಂಚಿಗೆ ರೆಕ್ಕೆ ರೆಕ್ಕೆ ಕೂಡಿದ ಗೆರೆ, ಅದರ ಉದ್ದಕ್ಕೂ ರಿವೆಟ್ ತಲೆಗಳ ಸಾಲು ಕಾಣುತ್ತದೆ. ಬಿಸಿಲು ಪಶ್ಚಿಮಕ್ಕೆ ವಾಲಿದಾಗ ಚಲೋ ಕಾಣುತ್ತದೆ, ದಶಮಿ ಮಧ್ಯಾಹ್ನದ ಲೆಕ್ಕ ಅದಕ್ಕೂ ಹೊಂದುತ್ತದೆ.

ಎರಡನೆಯದು, ಹೊರತುದಿಯ ಕಡೆಯ ಎರಡು ಕಮಾನು. 1970ರ ಅಕ್ಟೋಬರ್‌ನಲ್ಲಿ ವಿಮೆಗಾಗಿ ಭಾರ ಪರೀಕ್ಷೆ ಮಾಡುವಾಗ ಅವು ಕುಸಿದು ನೀರಿಗೆ ಬಿದ್ದವು. ಭಾರ ಹಾಕಿದ್ದು ನೀರು ತುಂಬಿದ ಪ್ಲಾಸ್ಟಿಕ್ ತೊಟ್ಟಿಗಳಿಂದ, ಚದರಡಿಗೆ 50 ಪೌಂಡ್ ಲೆಕ್ಕದಲ್ಲಿ. ಒಳಗಿನ ಆರು ಕಮಾನು ಆ ಪರೀಕ್ಷೆ ತಡೆದುಕೊಂಡಿದ್ದವು. ಪಿಯರ್‌ನ ತಲೆ ಮಾತ್ರ ಸಮುದ್ರದಲ್ಲಿ ಒಂಟಿಯಾಗಿ ನಿಂತಿತು. ಕೆಡವಿಬಿಡುವ ಮಾತು ಬಂದು, ಸಾರ್ವಜನಿಕ ವಿಚಾರಣೆ ನಡೆದು ಉಳಿಯಿತು. 1980ರ ದಶಕದಲ್ಲಿ ಬಿಚ್ಚಿ ಪೋರ್ಟಿಸ್‌ಹೆಡ್ ಡಾಕ್‌ಗೆ ಒಯ್ದು ರಿಪೇರಿ ಮಾಡಿ ಮತ್ತೆ ನಿಲ್ಲಿಸಿದರು. 1989ರಲ್ಲಿ ಜನರಿಗೆ ತೆರೆಯಿತು, ತಲೆಯ ಭಾಗ ಸೇರಿದ್ದು 1998ರಲ್ಲಿ. 2001ರಲ್ಲಿ ಸಂರಕ್ಷಿತ ಕಟ್ಟಡಗಳ ಅತಿ ಮೇಲಿನ ದರ್ಜೆಯಾದ ಗ್ರೇಡ್ 1 ಪಟ್ಟಿಗೆ ಬಂತು.

ಮೂರನೆಯದು ನಿಮ್ಮ ಹಗ್ಗ ಕಟ್ಟುವ ಪ್ರಶ್ನೆಗೆ ಸಂಬಂಧ. ಪಿಯರ್‌ನ ತಲೆಯಲ್ಲಿ ಹಡಗಿಗೆ ಹತ್ತುವ ಕಟ್ಟೆ ಒಂದೇ ಮಟ್ಟದಲ್ಲಿಲ್ಲ, ಒಂದರ ಕೆಳಗೆ ಒಂದು ಹಂತ ಹಂತವಾಗಿವೆ. ನೀರು ಎಲ್ಲಿದೆಯೋ ಆ ಹಂತಕ್ಕೆ ಹಡಗು ತಾಗಬೇಕು ಅಂತ. ವೇವರ್ಲಿ ಎಂಬ 1940ರ ದಶಕದ ಪ್ಯಾಡಲ್ ಸ್ಟೀಮರ್ ಈಗಲೂ ಬೇಸಿಗೆಯಲ್ಲಿ ಬಂದು ನಿಲ್ಲುತ್ತದೆ. ಅದು ಬರುವ ದಿನ, ಹೊತ್ತು ಮೊದಲೇ ನೋಡಿಕೊಂಡು ಆ ಹೊತ್ತಿಗೆ ದೂರ ಇರಿ. ನಿಲ್ಲಿಸಲು, ತಿರುಗಿಸಲು ಅದಕ್ಕೆ ಜಾಗ ಬೇಕು. ಅದರ ಅಲೆ ಸ್ಲಿಪ್‌ವೇವರೆಗೂ ಬರುತ್ತದೆ.

ಸಣ್ಣ ದೋಣಿ ಕಟ್ಟುವುದು ಬೇಡ. ಹಗ್ಗ ಗಿಡ್ಡ ಕಟ್ಟಿದರೆ ನೀರು ಇಳಿದಾಗ ದೋಣಿ ಜೋತು ಬೀಳುತ್ತದೆ, ಉದ್ದ ಬಿಟ್ಟರೆ ಕಟ್ಟೆಯ ಅಡಿಗೆ ನುಸುಳಿ, ನೀರು ಏರಿದಾಗ ಮೇಲಿನ ತೊಲೆಗೆ ಸಿಕ್ಕು ಅಪ್ಪಚ್ಚಿ. ಜಾಗ ಪಿಯರ್ ನೋಡಿಕೊಳ್ಳುವ ಟ್ರಸ್ಟಿನದು, ಕೇಳದೆ ಹತ್ತುವುದು ಸರಿಯೂ ಅಲ್ಲ. ದೋಣಿ ಎತ್ತಿಟ್ಟ ಮೇಲೆ ಟೋಲ್ ಹೌಸ್‌ನಲ್ಲಿ ಟಿಕೆಟ್ ತಗೊಂಡು ನಡೆದು ಹೋಗ್ರಿ. ಮೇಲಿಂದ ಕೆಳಗೆ ನೋಡಿದಾಗ ಸೆಳೆತ ಕಂಬದ ಸುತ್ತ ಹೇಗೆ ಸೀಳುತ್ತದೆ ಅಂತ ತಿಳಿಯುತ್ತದೆ. ಸರಿಯಾಗಿ ಹೇಳಬೇಕಂದ್ರ ದೋಣಿ ಇಳಿಸುವ ಮೊದಲು ಇದನ್ನ ಮಾಡಬೇಕು.

ಪಡುಗಾಳಿ

ಎಲ್ಲರಿಗೂ ಧನ್ಯವಾದ. ಕಟ್ಟುವ ಯೋಚನೆ ಬಿಟ್ಟಾಯಿತು. ಕಂಬಗಳ ನಡುವೆ ತೂರುವ ವಿಷಯಕ್ಕೆ ಯಾರೂ ನೇರ ಉತ್ತರ ಕೊಡಲಿಲ್ಲ. ಎರಡು ಕಂಬದ ನಡುವೆ 30 ಮೀಟರ್ ಇದೆಯಲ್ಲ, ನೀರು ನಿಂತ ಹೊತ್ತಿಗೆ ಏನು ತೊಂದರೆ? ಜೊತೆಗೆ ಕಯಾಕ್‌ನಲ್ಲಿ ಇಬ್ಬರು ಬರುತ್ತೇವೆ ಅನ್ನುತ್ತಿದ್ದಾರೆ.

ಹುಟ್ಟುಗೋಲು

ನೀರು ನಿಂತಿದ್ದರೆ, ಅಲೆ ಇಲ್ಲದಿದ್ದರೆ, ಮೇಲೆ ಗಾಳ ಹಾಕುವವರು ಇಲ್ಲದಿದ್ದರೆ, ಮಧ್ಯದ ಒಂದು ಕಮಾನಿನ ನಡುವಿನಿಂದ ನೇರವಾಗಿ ಹೋಗಬಹುದು. ಮೂರನೆಯ ಷರತ್ತು ಈಡೇರುವುದೇ ಕಷ್ಟ. ಈ ಪಿಯರ್ ಗಾಳದವರ ಅಚ್ಚುಮೆಚ್ಚಿನ ಜಾಗ, ಅವರ ದಾರ ಎರಡೂ ಬದಿಗೆ ಇಳಿದಿರುತ್ತದೆ. ನೀರಿನ ಮಟ್ಟದಿಂದ ಆ ದಾರ ಕಣ್ಣಿಗೆ ಬೀಳುವುದಿಲ್ಲ. ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಇಂಜಿನ್ ನಿಲ್ಲುವುದು ಸರಿಯಾಗಿ ಕಂಬದ ಬುಡದಲ್ಲಿ. ತುದಿಯಿಂದ ಅವರು 100 ಮೀಟರ್ ದೂರ ಎಸೆಯಬಲ್ಲರು, ಸುತ್ತಿ ಹೋಗುವಾಗ 150 ಮೀಟರ್ ಬಿಟ್ಟು ಹೋಗಿ. ಕಯಾಕ್‌ಗೆ ಪ್ರೊಪೆಲ್ಲರ್ ಇಲ್ಲ, ಕುತ್ತಿಗೆ ಇದೆ.

ನೀರು ಓಡುವಾಗ ಮಾತ್ರ ಖಂಡಿತ ಬೇಡ. ಕಾಲುಗಳ ನಡುವೆ ಅಡ್ಡ ಕಟ್ಟಿದ ಕಬ್ಬಿಣದ ಸರಳುಗಳಿವೆ. ನೀರು ಅವುಗಳೊಳಗಿಂದ ಸೋಸಿ ಹೋಗುತ್ತದೆ, ದೋಣಿ ಹೋಗುವುದಿಲ್ಲ. ಅಡ್ಡ ತಿರುಗಿ ತಾಗಿಕೊಂಡರೆ ಎದುರು ನೀರು ಮೇಲಿನ ಬದಿಯ ಟ್ಯೂಬ್ ಹತ್ತಿ ದೋಣಿಯನ್ನು ಮಗುಚುತ್ತದೆ. ಆಗ ಎಲ್ಲರೂ ಭಯದಲ್ಲಿ ಕಂಬದಿಂದ ದೂರಕ್ಕೆ ವಾಲುತ್ತಾರೆ, ಮಗುಚುವುದು ಅದರಿಂದಲೇ. ತಾಗುತ್ತದೆ ಅಂತ ಖಾತ್ರಿಯಾದರೆ ಮೂವರೂ ಕಂಬದ ಕಡೆಗೇ ವಾಲಿ, ನೀರು ಬರುವ ಕಡೆಯ ಟ್ಯೂಬ್ ಹಗುರ ಮಾಡಿ. ಇದನ್ನು ದಡದ ಮೇಲೇ ಬಾಯಿಬಿಟ್ಟು ಹೇಳಿಕೊಂಡು ಹೊರಡಬೇಕು.

ಇಂಜಿನ್ ನಿಂತರೆ ಮೊದಲು ಲಂಗರು, ಆಮೇಲೆ ರಿಪೇರಿ. ಹಲವರು ಸ್ಟಾರ್ಟರ್ ಹಗ್ಗ ಎಳೆಯುತ್ತಲೇ ಕಂಬದವರೆಗೆ ಹೋಗುತ್ತಾರೆ. ಲಂಗರು ಕಾಲಡಿಯಲ್ಲಿ ಬಿಚ್ಚಿಟ್ಟು ಸಿದ್ಧವಿರಲಿ, ಹಗ್ಗದ ಇನ್ನೊಂದು ತುದಿ ಹೊರಡುವ ಮೊದಲೇ ಮೂತಿಗೆ ಕಟ್ಟಿರಲಿ. ಸಣ್ಣ ದೋಣಿಯವರು ಇಟ್ಟುಕೊಳ್ಳುವ ನಾಲ್ಕು ಕೊಕ್ಕೆಯ ಮಡಚುವ ಲಂಗರು ಈ ಕೆಸರಿಗೆ ಉಪಯೋಗವಿಲ್ಲ, ನೇಗಿಲಿನಂತೆ ಹೂತುಕೊಳ್ಳುವ ತರಹದ್ದು 4–5 ಕಿಲೋ ಬೇಕು. 5 ಮೀಟರ್ ಚೈನು, 10 ಮಿಲಿಮೀಟರ್ ದಪ್ಪದ ಹಗ್ಗ 50 ಮೀಟರ್. 10 ಮೀಟರ್ ಆಳಕ್ಕೆ ಐದು ಪಟ್ಟು ಅಂದರೆ ಅಷ್ಟಾಯಿತು. ಮೂತಿಯಿಂದಲೇ ಬಿಡಿ. ಹಿಂಭಾಗದಿಂದ ಬಿಟ್ಟರೆ ಸೆಳೆತಕ್ಕೆ ಇಂಜಿನ್ ಕಡೆ ಮುಳುಗಿ ನೀರು ಒಳಗೆ ಬರುತ್ತದೆ.

ಕಯಾಕ್ ಬಗ್ಗೆ: ಸಾಮಾನ್ಯ ಅಭ್ಯಾಸದವರು ನಿಂತ ನೀರಿನಲ್ಲಿ 3 ನಾಟ್ ಹೊಡೆಯಬಹುದು. ಬಿದಿಗೆಯ ದಿನ ಸೆಳೆತ ಅದಕ್ಕಿಂತ ಜಾಸ್ತಿ. ಎದುರಿಗೆ ಹುಟ್ಟು ಹಾಕಿದರೂ ಹಿಂದಕ್ಕೇ ಹೋಗುತ್ತಾರೆ. ದಶಮಿಯ ಅರ್ಧ ಗಂಟೆಯೊಳಗೆ, ನಿಮ್ಮ ದೋಣಿಯ ಹತ್ತಿರವೇ ಇದ್ದರೆ ಬರಲಿ. ನೀವು ಅವರನ್ನು ಕಾಯುವುದು, ಅವರು ಪಿಯರ್ ನೋಡುವುದು, ಎರಡೂ ಒಟ್ಟಿಗೆ ನಡೆಯುವುದಿಲ್ಲ ಅಂತ ಮೊದಲೇ ಒಪ್ಪಂದವಾಗಲಿ.

ತೇಲುಜಾಕೆಟ್ ಹಾಕಿಯೇ ಇರಬೇಕು, ಸೀಟಿನ ಕೆಳಗೆ ಇಡುವ ವಸ್ತುವಲ್ಲ ಅದು. ಕಿಲ್ ಕಾರ್ಡ್ (ಕಿತ್ತು ಬಂದರೆ ಇಂಜಿನ್ ನಿಲ್ಲಿಸುವ ದಾರ) ಇಂಜಿನ್ ಹಿಡಿದವರ ತೊಡೆಗೆ. ಅರಬ್ಬೀ ಸಮುದ್ರದ ಬೆಚ್ಚನೆ ನೀರು ಮರೆಯಿರಿ. ಏಪ್ರಿಲ್‌ನಲ್ಲಿ ಇಲ್ಲಿ 10 ಡಿಗ್ರಿ ಹತ್ತಿರ, ಆಗಸ್ಟ್‌ನಲ್ಲಿ 17–18. ಬಿದ್ದ ಮೊದಲ ನಿಮಿಷ ಉಸಿರು ಕೈಗೆ ಸಿಗುವುದಿಲ್ಲ, ಈಜು ಬಂದವರಿಗೂ ಅಷ್ಟೇ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೋ ಇರಲಿ: ತುರ್ತಿಗೆ ಚಾನೆಲ್ 16, ಬ್ರಿಸ್ಟಲ್ ಬಂದರಿನ ಹಡಗುಗಳ ಓಡಾಟ ಕೇಳಲು 12. ಏವನ್‌ಮೌತ್, ಪೋರ್ಟ್‌ಬರಿಗೆ ಹೋಗುವ ದೊಡ್ಡ ಹಡಗುಗಳೂ ತುಂಬು ನೀರಿನ ಹೊತ್ತನ್ನೇ ಹಿಡಿದು ಬರುತ್ತವೆ. ನೀವು ದಡದಿಂದ ಅರ್ಧ ಮೈಲಿಯೊಳಗೆ ಇದ್ದರೆ ಅವುಗಳ ದಾರಿಗೆ ಸಿಗುವುದಿಲ್ಲ. ರೇಡಿಯೋಗೆ ಲೈಸೆನ್ಸ್ ಇಲ್ಲಿಯ ಸಂಪರ್ಕ ನಿಯಂತ್ರಕ ಆಫ್‌ಕಾಮ್‌ನಿಂದ ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತದೆ, ಬಳಸುವವರಿಗೆ ಬೇರೆ ಪ್ರಮಾಣಪತ್ರ ಬೇಕು. ದಡದಲ್ಲಿ ಒಬ್ಬರಿಗೆ ವಾಪಸಾಗುವ ಹೊತ್ತು ತಿಳಿಸಿ. ಅದು ಮೀರಿದರೆ 999ಕ್ಕೆ ಹೊಡೆದು ಕೋಸ್ಟ್‌ಗಾರ್ಡ್ ಕೇಳಲಿ.

ಹಳೆಕಬ್ಬಿಣ

ಒಂದು ಮಾತು ಕೂಡಿಸ್ತೀನಿ. ಬರೇ ದಶಮಿಗೆ ಹೋದರೆ ಪಿಯರ್‌ನ ಪೂರ್ತಿ ಎತ್ತರ ಕಾಣಸಿಗಲ್ಲ. ಈ ಕಾಲುಗಳು ಯಾಕೆ ಇಷ್ಟು ಉದ್ದ ಅಂತ ತಿಳಿಯಬೇಕಾದರೆ ದೊಡ್ಡ ಇಳಿತದಲ್ಲೇ ನೋಡಬೇಕು.

ಅಳಿವೆಬಾಯಿ

ಒಪ್ಪುವ ಮಾತು, ಆದರೆ ಅದನ್ನು ದಡದಲ್ಲಿ ನಿಂತು ನೋಡಲಿ. ಬಿದಿಗೆಯ ಮಧ್ಯಾಹ್ನ ಎರಡು-ಮೂರರ ಸುಮಾರಿಗೆ ಕಡಲತೀರದ ರಸ್ತೆಯಿಂದ ಎಲ್ಲವೂ ಕಾಣುತ್ತದೆ. ಗ್ರೀಸ್‌ಕೈ ಹೇಳಿದ ಸ್ಲಿಪ್‌ವೇ ತುದಿಯ ಪರೀಕ್ಷೆಯೂ ಅದೇ ಹೊತ್ತಿಗೆ ಆಗುತ್ತದೆ. ಕೆಸರಿಗೆ ಮಾತ್ರ ಇಳಿಯಬೇಡಿ.

ಇನ್ನು ಬರ್ನ್‌ಬೆಕ್. ಅದೇ ದಿನ ಬೇಡ. ಕ್ಲೀವ್‌ಡನ್‌ನಿಂದ ನೇರ ಗೆರೆ ಎಳೆದರೇ 7 ನಾಟಿಕಲ್ ಮೈಲಿ, ನಡುವೆ ಸ್ಯಾಂಡ್ ಪಾಯಿಂಟ್ ಮೂಲೆ ಸುತ್ತಬೇಕು. ಅಲ್ಲಿ ಸೆಳೆತ ತಿರುವಿಗೆ ಸಿಕ್ಕಿ ನೀರು ಕಲಕಿಕೊಂಡಿರುತ್ತದೆ. ಲೆಕ್ಕ ಹಾಕಿ. ನೀರು ತುಂಬಿದಾಗ ಹೊರಟರೆ ಹೋಗುವಾಗ ಇಳಿತ ಜೊತೆಗಿರುತ್ತದೆ, ಸುಖ. ವಾಪಸ್ ಬರುವಾಗ ಅದೇ ಎದುರು. ಕ್ಲೀವ್‌ಡನ್ ಮುಟ್ಟುವ ಹೊತ್ತಿಗೆ ಸ್ಲಿಪ್‌ವೇ ಕೆಸರು. ಮುಂದಿನ ನೀರಿಗೆ ಕಾಯಬೇಕಾದರೆ ರಾತ್ರಿ. ಮೂವರನ್ನು ಹೊತ್ತ 15 ಎಚ್‌ಪಿ ಪೂರ್ತಿ ವೇಗದಲ್ಲಿ ಗಂಟೆಗೆ 5–6 ಲೀಟರ್ ಕುಡಿಯುತ್ತದೆ. 12 ಲೀಟರಿನಲ್ಲಿ ಮೂರನೇ ಒಂದು ಪಾಲು ಹೋಗಲು, ಒಂದು ಬರಲು, ಒಂದು ಮುಟ್ಟಬಾರದ್ದು ಅಂತ ಇಟ್ಟರೆ ಹೋಗಲು, ಬರಲು ಸಿಗುವುದು ತಲಾ 4 ಲೀಟರ್. ಎದುರು ಸೆಳೆತದಲ್ಲಿ ಬರಲು ಅದು ಸಾಲದೆ ಹೋದೀತು.

ಹೋದರೂ ಅಲ್ಲಿ ಇಳಿಯುವ ಹಾಗಿಲ್ಲ. ಬರ್ನ್‌ಬೆಕ್ 1867ರದ್ದು, ಯೂಜೀನಿಯಸ್ ಬರ್ಚ್ ವಿನ್ಯಾಸ, ಭಾರತದ ಈಸ್ಟ್ ಇಂಡಿಯನ್ ರೈಲ್ವೆಯ ಕೆಲಸದಲ್ಲೂ ಇದ್ದವರು. ದಡದಿಂದ ಒಂದು ಸಣ್ಣ ದ್ವೀಪಕ್ಕೆ ಹೋಗುವ ಪಿಯರ್ ಬ್ರಿಟನ್ನಿನಲ್ಲಿ ಇದೊಂದೇ. 1994ರಲ್ಲಿ ಸಾರ್ವಜನಿಕರಿಗೆ ಮುಚ್ಚಿತು. ಕಬ್ಬಿಣ ತಿಂದುಹೋಗಿದೆ, ಅಡಿಗೆ ಹೋದವರ ತಲೆ ಮೇಲೆ ಏನು ಬೇಕಾದರೂ ಬಿದ್ದೀತು. ಲೈಫ್‌ಬೋಟ್ ಅಲ್ಲಿಗೆ ಬಂದದ್ದು 1882ರಲ್ಲಿ, ನೀವು ಕೇಳಿದ ಉದ್ದನೆಯ ಸ್ಲಿಪ್‌ವೇ 1902ರ ದೋಣಿಮನೆಯ ಜೊತೆಗಿನದು. 368 ಅಡಿ, ಇಂಗ್ಲೆಂಡಿನಲ್ಲೇ ಅತಿ ಉದ್ದದ ಲೈಫ್‌ಬೋಟ್ ಸ್ಲಿಪ್‌ವೇ ಅಂತ ಹೆಸರಾಗಿತ್ತು. ಅಷ್ಟು ಉದ್ದ ಯಾಕೆ ಅಂದರೆ ನೀರು ಎಷ್ಟು ದೂರ ಹೋದರೂ ದೋಣಿ ಬೆನ್ನಟ್ಟಿ ಇಳಿಯಬೇಕಲ್ಲ. ಲೈಫ್‌ಬೋಟ್ ನಡೆಸುವ ಸಂಸ್ಥೆ ಆರ್‌ಎನ್‌ಎಲ್‌ಐ 2010ರ ದಶಕದಲ್ಲಿ ಅಲ್ಲಿಂದ ಹೊರಟಿತು. ದಡದಲ್ಲಿ ಪ್ರಿನ್ಸ್ ಕನ್ಸಾರ್ಟ್ ಗಾರ್ಡನ್ಸ್‌ನ ಎತ್ತರದಿಂದ ಪಿಯರ್, ದ್ವೀಪ ಎಲ್ಲ ಚೆನ್ನಾಗಿ ಕಾಣುತ್ತದೆ. ಕಾರಿನಲ್ಲಿ ಹೋಗಿ.

ದೋಣಿಯಲ್ಲೇ ಇನ್ನೂ ಸ್ವಲ್ಪ ಸುತ್ತಬೇಕು ಅಂತಿದ್ದರೆ ಪಿಯರ್‌ನ ಉತ್ತರಕ್ಕೆ ಲೇಡಿ ಬೇ ಇದೆ, ಅರ್ಧ ಮೈಲಿ ಆಸುಪಾಸು. ನೀರು ತುಂಬುವ ಮೊದಲೇ ಪಿಯರ್ ತುದಿಯ ಆಚೆಯಿಂದ ಸುತ್ತಿ ಅಲ್ಲಿಗೆ ಹೋಗಿ, ನೀರು ನಿಂತಾಗ ಪಿಯರ್‌ಗೆ ವಾಪಸಾಗಿ. ಇಳಿತ ಶುರುವಾದ ಮೇಲೆ ಉತ್ತರದಿಂದ ಬರುವುದಾದರೆ ಮತ್ತೆ 500 ಮೀಟರ್ ಹೊರಗಿನಿಂದಲೇ.

ಗ್ರೀಸ್‌ಕೈ

ಚಾರ್ಟ್ (ಕಡಲ ನಕ್ಷೆ) ಬೇಕಾದರೆ ಅಡ್ಮಿರಾಲ್ಟಿ 1176, ಸ್ಟೀಪ್ ಹೋಮ್‌ನಿಂದ ಏವನ್‌ಮೌತ್‌ವರೆಗೆ. ಫೋನ್ ಆ್ಯಪ್ ಸಾಕು ಅನ್ನೋರು ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಕುತ್ತಿಗೆಗೆ ಕಟ್ಟಿಕೊಳ್ಳಿ. ಒದ್ದೆ ಕೈಗೆ ಸ್ಕ್ರೀನ್ ಕೆಲಸ ಮಾಡಲ್ಲ, ಅದಕ್ಕೆ ತುಂಬು ನೀರಿನ ಹೊತ್ತು, ಎತ್ತಬೇಕಾದ ಹೊತ್ತು ಎರಡನ್ನೂ ಮಾರ್ಕರ್‌ನಲ್ಲಿ ಇಂಜಿನ್ ಮುಚ್ಚಳದ ಮೇಲೆ ಬರೆದುಬಿಡಿ, ಮೂವರಿಗೂ ಕಾಣುವ ಹಾಗೆ.